ಮೂಗಿಗಿಂತ ಮೂಗುತಿ ಭಾರ ಆಗದಿರಲಿ: ಪುಟ್ಟ ಕ್ಯಾಮೆರಾ ಹಿಡಿಯುವುದು, ಹೊರುವುದು

ಸೀರೆಗೆ ಜೇಬಿಲ್ಲ. ಕ್ಯಾಮೆರಾ ಬಗ್ಗೆ ಬರೆಯುವ ಗಂಡಸರಿಗೆ ಇದು ಹೊಳೆಯುವುದೇ ಇಲ್ಲ. ‘ಜೇಬಿಗೆ ಹಿಡಿಯುವ ಕ್ಯಾಮೆರಾ’ ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಡುತ್ತಾರೆ. ಯಾರ ಜೇಬು? ಯಾವ ಬಟ್ಟೆಯ ಜೇಬು?

ನಾನು ಸಾಗರದ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ವಯಸ್ಸು 53. ವಾರಕ್ಕೆ ಐದು ದಿನ ಸೀರೆ, ಉಳಿದ ದಿನ ಚೂಡಿದಾರ್. ಫೋಟೋ ತೆಗೆಯುವ ಹುಚ್ಚು ಇಪ್ಪತ್ತು ವರ್ಷದಿಂದ ಇದೆ. ಮೊದಲು ಒಂದು ಡಿಎಸ್‌ಎಲ್‌ಆರ್ ಇತ್ತು. ಲೆನ್ಸ್ ಸೇರಿ ಮುಕ್ಕಾಲು ಕೆಜಿಗೂ ಜಾಸ್ತಿ. ಮೊಣಕೈ ನೋವು ಶುರುವಾದ ಮೇಲೆ ಅದು ಬೀರುವಿನ ಮೇಲೆ ಹೋಗಿ ಕೂತಿತು. ಆಗ ತಮ್ಮ ತನ್ನ ಹಳೆಯ ಪ್ಯಾನಾಸೋನಿಕ್ ಜಿಎಂ1, ಅಂದರೆ ಲೆನ್ಸ್ ಬದಲಿಸಬಹುದಾದ ಒಂದು ಪುಟ್ಟ ಕ್ಯಾಮೆರಾ, ಕೊಟ್ಟು, "ಅಕ್ಕ, ಇದು ನನ್ನ ಕೈಗೆ ಆಟದ ಸಾಮಾನಿನ ಹಾಗೆ ಆಗುತ್ತದೆ, ನೀನೇ ಇಟ್ಟುಕೋ" ಅಂದ. ಅವನ ಕೈ ದೊಡ್ಡದು. ನನ್ನ ಕೈಗೆ ಆರು ನಂಬರಿನ ಗ್ಲೌಸೂ ಸಡಿಲ.

ಕ್ಯಾಮೆರಾ ಚಿಕ್ಕದೋ ದೊಡ್ಡದೋ ಅಂತ ಅಳೆಯುವುದು ಪಟ್ಟಿಯಿಂದ ಅಲ್ಲ, ಅವರವರ ಕೈಯಿಂದ, ಅವರವರ ಬಟ್ಟೆಯಿಂದ. ಎಂಟು ವರ್ಷ ಇದನ್ನು ಹೊತ್ತು, ಬೀಳಿಸಿ, ಅಂಟು ಹಚ್ಚಿ, ಕಿತ್ತು ಕಲಿತದ್ದನ್ನು ಬರೆಯುತ್ತಿದ್ದೇನೆ. ಇಂಥ ಒಂದು ಕ್ಯಾಮೆರಾ ಹಳೆಯದೋ ಹೊಸದೋ ಕೊಳ್ಳಬೇಕು ಅನ್ನುವವರಿಗೆ ಉಪಯೋಗ ಆಗಬಹುದು.

ಮೊದಲು ಒಂದು ಡಬ್ಬಿ ಹೊತ್ತು ನೋಡಿ

ಜಿಎಂ1 ಬಂದದ್ದು 2013ರಲ್ಲಿ. ಬ್ಯಾಟರಿ, ಕಾರ್ಡ್ ಸೇರಿ 204 ಗ್ರಾಂ. ಅಗಲ 98.5 ಮಿ.ಮೀ., ಎತ್ತರ 54.9, ದಪ್ಪ 30.4. ಇವತ್ತಿನ ದೊಡ್ಡ ಫೋನುಗಳಲ್ಲಿ ಎಷ್ಟೋ ಇದಕ್ಕಿಂತ ಭಾರ. ಜೊತೆಗೆ ಬರುವ 12-32 ಎಂ.ಎಂ. ಲೆನ್ಸ್ (ಈ ಎಂ.ಎಂ. ಸಂಖ್ಯೆ ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) 70 ಗ್ರಾಂ, ಮಡಚಿದಾಗ 24 ಮಿ.ಮೀ. ಉದ್ದ. ಒಟ್ಟು 274 ಗ್ರಾಂ.

ಆದರೆ ಕೂಡಿಸುವಾಗ ದಪ್ಪವನ್ನೂ ಕೂಡಿಸಬೇಕು. 30.4ಕ್ಕೆ 24 ಸೇರಿದರೆ ಐದೂವರೆ ಸೆಂಟಿಮೀಟರ್ ಹತ್ತಿರ. ಫೋನು ಒಂದು ಸೆಂಟಿಮೀಟರೂ ಇರುವುದಿಲ್ಲ. ತೂಕದಲ್ಲಿ ಫೋನಿನ ತಂಗಿ, ಆಕಾರದಲ್ಲಿ ಸೋಪಿನ ಡಬ್ಬಿಯ ಅಕ್ಕ. ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಬಸ್ಸಿನ ಸೀಟಿನಲ್ಲಿ ಕೂರಲು ಆಗುವುದಿಲ್ಲ.

ಅದಕ್ಕೇ, ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಹೆಚ್ಚುಕಮ್ಮಿ ಅದೇ ಅಳತೆಯ ಪ್ಲಾಸ್ಟಿಕ್ ಡಬ್ಬಿ ಹುಡುಕಿ. ಅಡುಗೆಮನೆ ತಕ್ಕಡಿಯಲ್ಲಿಟ್ಟು, ಕ್ಯಾಮೆರಾ ಮತ್ತು ಲೆನ್ಸಿನ ತೂಕ ಬರುವವರೆಗೆ ತೊಗರಿಬೇಳೆ ತುಂಬಿ. ಮುಚ್ಚಳಕ್ಕೆ ಟೇಪ್ ಹಾಕಿ. ಒಂದು ವಾರ ಆ ಡಬ್ಬಿಯನ್ನು ಎಲ್ಲಿಗೆ ಹೋದರೂ ಒಯ್ಯಿರಿ. ಕೆಲಸಕ್ಕೆ, ಸಂತೆಗೆ, ಮದುವೆಮನೆಗೆ. ದಿನಕ್ಕೆ ಹತ್ತು ಸಲ ಹೊರಗೆ ತೆಗೆದು ಕಣ್ಣಿನ ಮಟ್ಟಕ್ಕೆ ಹಿಡಿದು ಮತ್ತೆ ಒಳಗಿಡಿ. ಮನೆಯವರು ನಗುತ್ತಾರೆ, ನಗಲಿ.

ನಾಲ್ಕನೇ ದಿನದ ಹೊತ್ತಿಗೆ ಉತ್ತರ ಗೊತ್ತಾಗುತ್ತದೆ. ಡಬ್ಬಿ ಎಲ್ಲಿ ಇದ್ದರೆ ಮರೆತುಹೋಗುತ್ತದೋ ಅದೇ ಕ್ಯಾಮೆರಾದ ಜಾಗ. ನನ್ನ ವ್ಯಾನಿಟಿ ಬ್ಯಾಗಿನ ತಳದಲ್ಲಿ ಡಬ್ಬಿ ಹಾಯಾಗಿತ್ತು, ಆದರೆ ಹೊರಗೆ ಬರಲು ಬಾಚಣಿಗೆ, ಬೀಗದಕೈ, ಉತ್ತರಪತ್ರಿಕೆಯ ಕಟ್ಟು ಎಲ್ಲ ದಾಟಬೇಕಿತ್ತು. ಅಷ್ಟರಲ್ಲಿ ಮಂಗಟ್ಟೆ ಹಕ್ಕಿ ಹಾರಿ ಎರಡು ಮರ ದಾಟಿರುತ್ತದೆ. ಹೊರುವುದು ಸುಲಭ ಆಗುವುದು ಬೇರೆ, ಕೈಗೆ ಸಿಗುವುದು ಬೇರೆ. ಈ ಜಾಗದ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಬಾಡಿ ನೋಡಿ ಮರುಳಾಗಬೇಡಿ

ಚಿಕ್ಕ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಮಾಡುವುದು ಅಂಥ ದೊಡ್ಡ ವಿಷಯ ಅಲ್ಲ. ಲೆನ್ಸ್ ಚಿಕ್ಕದು ಮಾಡುವುದೇ ಕಷ್ಟ, ಯಾಕೆಂದರೆ ಅದರ ಗಾತ್ರವನ್ನು ತೀರ್ಮಾನಿಸುವುದು ಒಳಗಿನ ಸೆನ್ಸರ್, ಅಂದರೆ ಚಿತ್ರ ಬೀಳುವ ಚಿಪ್. ಸೋನಿಯವರ ನೆಕ್ಸ್-5 2010ರಲ್ಲಿ ಬಂದಾಗ ಅದರ ಬಾಡಿ ನೋಡಿ ಎಲ್ಲರೂ ಬೆರಗಾದರು. ಬ್ಯಾಟರಿ ಸೇರಿ 287 ಗ್ರಾಂ. ಆದರೆ ಒಳಗೆ ಎಪಿಎಸ್-ಸಿ ಅನ್ನುವ ದೊಡ್ಡ ಸೆನ್ಸರ್ ಇತ್ತು. ಜೊತೆಗಿನ 18-55 ಲೆನ್ಸ್ 194 ಗ್ರಾಂ, ಮುಂದೆ ಲೋಟದ ಹಾಗೆ ಚಾಚಿಕೊಂಡಿರುತ್ತಿತ್ತು. ಇನ್ನೊಂದು ತುದಿಗೆ ಹೋದರೆ 2011ರ ಪೆಂಟ್ಯಾಕ್ಸ್ ಕ್ಯೂ. ಬಾಡಿ, ಲೆನ್ಸ್ ಎರಡೂ ಬೊಂಬೆಯಷ್ಟು. ಆದರೆ ಸೆನ್ಸರ್ ಕೂಡ ಕಡಲೆಕಾಳಿನಷ್ಟು, ಸುಮಾರು 6 ಮಿ.ಮೀ. ಅಗಲ. ಸಂಜೆ ಬೆಳಕಿನಲ್ಲಿ ಅಷ್ಟು ಚಿಕ್ಕ ಸೆನ್ಸರ್ ಏನು ಮಾಡೀತು?

ನನ್ನದು ಮೈಕ್ರೋ ಫೋರ್ ಥರ್ಡ್ಸ್. 2008ರಲ್ಲಿ ಒಲಿಂಪಸ್ ಮತ್ತು ಪ್ಯಾನಾಸೋನಿಕ್ ಸೇರಿ ಹೊರತಂದ ಪದ್ಧತಿ. ಸೆನ್ಸರ್ 17.3 × 13 ಮಿ.ಮೀ. ಇದು ಹೊಸ ಯೋಚನೆ ಅಂತ ಅಂದುಕೊಳ್ಳಬೇಡಿ. ಇದೇ ಒಲಿಂಪಸ್‌ನಲ್ಲಿ ಯೋಶಿಹಿಸಾ ಮೈತಾನಿ 1959ರಲ್ಲಿ ಪೆನ್ ಅನ್ನುವ ಕ್ಯಾಮೆರಾ ಮಾಡಿದಾಗ ಫಿಲ್ಮಿನ ಒಂದು ಚೌಕವನ್ನು ಎರಡು ಮಾಡಿದರು. 36ರ ರೋಲಿನಲ್ಲಿ 72 ಫೋಟೋ. ಕ್ಯಾಮೆರಾ ಕಿರಿದಾಗಬೇಕಾದರೆ ಚಿತ್ರ ಬೀಳುವ ಜಾಗವೂ ಕಿರಿದಾಗಬೇಕು. ಬೇರೆ ದಾರಿ ಇಲ್ಲ.

ದಾರಿ ಇಲ್ಲ ಅಂದೆನಾ? ಸಿಗ್ಮಾದವರು 2019ರಲ್ಲಿ ಎಫ್‌ಪಿ ಮಾಡಿ ಫುಲ್ ಫ್ರೇಮ್, ಅಂದರೆ ಹಳೆಯ ಫಿಲ್ಮಿನ ಪೂರ್ತಿ ಚೌಕದಷ್ಟು ದೊಡ್ಡ ಸೆನ್ಸರನ್ನೇ 422 ಗ್ರಾಂ ಬಾಡಿಗೆ ತುಂಬಿದರು. ಹೇಗೆ? ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್ ತೆಗೆದರು, ಬೆಳಕಿಗೆ ತೆರೆದು ಮುಚ್ಚುವ ಮೆಕ್ಯಾನಿಕಲ್ ಶಟರ್ ತೆಗೆದರು, ಹಿಡಿ ತೆಗೆದರು. ಹಿಡಿ ಬೇಕಾದವರು ಬೇರೆ ಕೊಂಡು ತಿರುಪಿನಿಂದ ಹಾಕಿಕೊಳ್ಳಬೇಕು. ಆಮೇಲೆ ಅದರ ಮುಂದೆ ಹಾಕುವ ಫುಲ್ ಫ್ರೇಮ್ ಲೆನ್ಸುಗಳಲ್ಲಿ ಹೆಚ್ಚಿನವು ಪುಟ್ಟ ಏನಲ್ಲ. ನಮ್ಮಲ್ಲಿ ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ಆದ್ದರಿಂದ ಅಂಗಡಿಯಲ್ಲಿ ಬರೀ ಬಾಡಿ ಕೈಗೆ ಕೊಟ್ಟರೆ ವಾಪಸ್ ಕೊಡಿ. ನೀವು ದಿನಾ ಬಳಸುವ ಲೆನ್ಸ್ ಯಾವುದೋ ಅದನ್ನು ಹಾಕಿಸಿ. ಆಮೇಲೆ ಹಿಡಿಯಿರಿ.

ನಾನೇ ಮಾಡಿಕೊಂಡ ಮೂಗುತಿ

ಬೇರೆಯವರಿಗೆ ಹೇಳುವ ನಾನೂ ಬಿದ್ದಿದ್ದೇನೆ. ಹಕ್ಕಿ ಫೋಟೋ ಆಸೆಗೆ 100-300 ಲೆನ್ಸ್ ತರಿಸಿದೆ. 520 ಗ್ರಾಂ. 204 ಗ್ರಾಂ ಬಾಡಿಯ ಎರಡೂವರೆ ಪಟ್ಟು. ಮೇಜಿನ ಮೇಲೆ ಇಟ್ಟರೆ ಲೆನ್ಸ್ ಮಲಗುತ್ತದೆ, ಕ್ಯಾಮೆರಾ ಹಿಂದೆ ಗಾಳಿಯಲ್ಲಿ ತೇಲುತ್ತದೆ. ನಮ್ಮ ಮನೆಯವರು ನೋಡಿ, "ಲೆನ್ಸಿಗೆ ಯಾಕೆ ಮುಚ್ಚಳ ಎರಡೂ ಕಡೆ?" ಅಂದರು. ಹಿಂದಿನ ಮುಚ್ಚಳ ಅಂದದ್ದು ಕ್ಯಾಮೆರಾವನ್ನೇ!

ಇಂಥ ಜೋಡಿಯನ್ನು ಬಾಡಿಯಿಂದ ಎತ್ತಬಾರದು. ಎಡ ಅಂಗೈಯನ್ನು ಬೊಗಸೆ ಮಾಡಿ ಪೂರ್ತಿ ಭಾರವನ್ನು ಲೆನ್ಸಿನ ಕೆಳಗೆ ತೆಗೆದುಕೊಳ್ಳಬೇಕು. ಬಲಗೈಗೆ ಬಟನ್ ಒತ್ತುವುದಷ್ಟೇ ಕೆಲಸ. ನಡೆಯುವಾಗಲೂ ಪಟ್ಟಿಯಿಂದ ನೇತುಹಾಕದೆ ಲೆನ್ಸನ್ನೇ ಹಿಡಿದು ನಡೆಯಿರಿ. ಪಟ್ಟಿ ಕಟ್ಟಿರುವುದು ಬಾಡಿಗೆ, ಹಾಗಾಗಿ ಪ್ರತಿ ಹೆಜ್ಜೆಗೂ ಅರ್ಧ ಕೆಜಿ ಜಗ್ಗುವುದು ಬಾಡಿಯ ಮುಂದೆ ಲೆನ್ಸ್ ಸಿಕ್ಕಿಸುವ ಬಳೆಯನ್ನು.

ಟ್ರೈಪಾಡಿನಲ್ಲಿ ಇನ್ನೊಂದು ತರಲೆ. ಬಾಡಿ ಎತ್ತರವೇ 55 ಮಿ.ಮೀ. ಆ ಲೆನ್ಸಿನ ಅಡ್ಡಗಲ 70ಕ್ಕೂ ಜಾಸ್ತಿ. ಹೊಟ್ಟೆ ಕೆಳಗೆ ಇಳಿದಿರುತ್ತದೆ. ಟ್ರೈಪಾಡಿನ ತಟ್ಟೆ ಹಾಕಲು ಹೋದರೆ ಲೆನ್ಸಿಗೆ ತಗಲುತ್ತದೆ. ನಡುವೆ ಒಂದು ದಪ್ಪ ವಾಷರ್ ಥರದ್ದು ಬೇಕು. ನಾನು ಹಳೆಯ ರಬ್ಬರ್ ಚಪ್ಪಲಿಯಿಂದ ಒಂದು ಚೂರು ಕತ್ತರಿಸಿ, ನಡುವೆ ತೂತು ಮಾಡಿ, ಸ್ವಲ್ಪ ಉದ್ದದ ತಿರುಪು ಹಾಕಿದ್ದೆ. ಕೆಲಸ ಆಯಿತು. ಆದರೆ ಇಷ್ಟೆಲ್ಲ ಹೊತ್ತು ಹೋಗುವುದಾದರೆ ಬೀರುವಿನ ಮೇಲಿನ ಡಿಎಸ್‌ಎಲ್‌ಆರ್ ಏನು ಪಾಪ ಮಾಡಿತ್ತು? ಆರು ತಿಂಗಳಿಗೆ ಆ ಲೆನ್ಸ್ ಮಾರಿದೆ. ಅದು ಕೆಟ್ಟ ಲೆನ್ಸ್ ಅಲ್ಲ. ಈ ಬಾಡಿಗೆ ಅದು ಸಂಬಂಧ ಅಲ್ಲ, ಅಷ್ಟೆ.

ಈಗ ನನ್ನ ಹತ್ತಿರ ಇರುವುದು ಮೂರೇ. ಹಗಲಿಗೆ 12-32. ಕತ್ತಲೆಗೆ ಪ್ಯಾನಾಸೋನಿಕ್ 20 ಎಂ.ಎಂ. ಎಫ್ 1.7 (ಎಫ್ ಸಂಖ್ಯೆ ಕಡಿಮೆ ಆದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ), ನೂರು ಗ್ರಾಂ ಆಸುಪಾಸು, ರೊಟ್ಟಿಯಂತೆ ಚಪ್ಪಟೆ. ಮುಖಗಳಿಗೆ ಒಲಿಂಪಸ್ 45 ಎಂ.ಎಂ. ಎಫ್ 1.8, 116 ಗ್ರಾಂ. ಲೆನ್ಸ್ ತೂಕ ಬಾಡಿಯ ತೂಕವನ್ನು ದಾಟಬಾರದು ಅಂತ ನಾನೇ ಒಂದು ಕಟ್ಟು ಹಾಕಿಕೊಂಡಿದ್ದೇನೆ. ಶಾಸ್ತ್ರದಲ್ಲಿ ಇಲ್ಲ, ನನ್ನ ಮೊಣಕೈ ಹೇಳಿದ್ದು.

ಚಪ್ಪಟೆ ಲೆನ್ಸಿಗೂ ಅದರದೇ ಬೆಲೆ ಇದೆ. 12-32ರಲ್ಲಿ ಕೈಯಿಂದ ಫೋಕಸ್ ಮಾಡುವ ರಿಂಗೇ ಇಲ್ಲ. ಮಡಚಿದ್ದನ್ನು ತಿರುಗಿಸಿ ಬಿಚ್ಚದೆ ಫೋಟೋ ತೆಗೆಯಲಾಗುವುದಿಲ್ಲ. ಮಾರಿಕಾಂಬಾ ಜಾತ್ರೆಯಲ್ಲಿ ಒಂದು ಸಲ, ಸಾಗರದಲ್ಲಿ ಅದು ಮೂರು ವರ್ಷಕ್ಕೊಮ್ಮೆ ಬರುವುದು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಜ್ಜನೊಬ್ಬ ಎದುರಿಗೇ ಬಂದ. ನಾನು ಬಟನ್ ಒತ್ತಿದೆ, ಪರದೆಯಲ್ಲಿ ಲೆನ್ಸ್ ಬಿಚ್ಚಿ ಅಂತ ಸೂಚನೆ ಬಂತು. ಮುಂದಿನ ಜಾತ್ರೆಗೆ ಮೂರು ವರ್ಷ. ಅಂದಿನಿಂದ ಜನ ಇರುವ ಕಡೆ ಬ್ಯಾಗಿನಿಂದ ಕೈ ಹೊರಬರುವ ಮೊದಲೇ ಎಡಗೈ ಲೆನ್ಸ್ ತಿರುಗಿಸಿರುತ್ತದೆ. ಇದನ್ನು ಮನೆಯಲ್ಲಿ ಟಿವಿ ನೋಡುತ್ತಾ ಅಭ್ಯಾಸ ಮಾಡಿ. 20ರಲ್ಲಿ ಈ ಗೋಜಿಲ್ಲ, ಆದರೆ ಅದು ಫೋಕಸ್ ಮಾಡುವುದು ನಿಧಾನ, ಗುರುಗುಟ್ಟುತ್ತಾ ಮುಂದೆ ಹಿಂದೆ ಓಡಾಡುತ್ತದೆ.

ಹಿಡಿಯುವುದು ಹೇಗೆ

ದೊಡ್ಡ ಕ್ಯಾಮೆರಾ ಹಿಡಿದು ಅಭ್ಯಾಸ ಇರುವವರು ಇದನ್ನೂ ಮುಷ್ಟಿ ಕಟ್ಟಿ ಹಿಡಿಯುತ್ತಾರೆ. ಹೆಬ್ಬೆರಳು ಹಿಂದಿನ ಗುಂಡಿಗಳ ಮೇಲೆ ಕೂರುತ್ತದೆ, ಏನೇನೋ ಬದಲಾಗುತ್ತದೆ. ಮುಷ್ಟಿ ಬಿಡಿ. ಬಲಗೈಯ ಮಧ್ಯದ ಎರಡು ಬೆರಳು ಮುಂದೆ, ಕಿರುಬೆರಳು ಬಾಡಿಯ ತಳದಲ್ಲಿ ಮಡಚಿ, ಕಪಾಟಿಗೆ ಬ್ರಾಕೆಟ್ ಕೊಟ್ಟ ಹಾಗೆ. ಹೆಬ್ಬೆರಳ ತುದಿ ಅಲ್ಲ, ಗೆಣ್ಣಿನ ಪಕ್ಕ ಹಿಂಭಾಗಕ್ಕೆ ಒತ್ತಿರಲಿ. ಎಡಗೈಯಲ್ಲಿ ಲೆನ್ಸಿನ ರಿಂಗನ್ನು ರಂಗೋಲಿ ಪುಡಿ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿಯಿರಿ, ಉಳಿದ ಬೆರಳು ಕೆಳಗೆ ಆಧಾರ. ಮೊಣಕೈ ಎರಡೂ ಪಕ್ಕೆಲುಬಿಗೆ ಅಂಟಿರಲಿ.

ಬಟನ್ನನ್ನು ಕುಟ್ಟಬೇಡಿ. ಹಗುರ ಕ್ಯಾಮೆರಾ ಕುಟ್ಟಿದರೆ ಪೂರ್ತಿ ಅಲುಗುತ್ತದೆ, ಭಾರದ ಕ್ಯಾಮೆರಾ ಅಷ್ಟು ಅಲುಗುವುದಿಲ್ಲ. ತೂಕ ಕಡಿಮೆ ಆದರೆ ಕೈ ನಡುಕ ಕಡಿಮೆ ಆಗುತ್ತದೆ ಅನ್ನುವುದು ತಪ್ಪು ಲೆಕ್ಕ. ಜಿಎಂ1ರ ಬಾಡಿಯಲ್ಲಿ ನಡುಕ ತಡೆಯುವ ವ್ಯವಸ್ಥೆ ಇಲ್ಲ, 12-32 ಲೆನ್ಸಿನಲ್ಲಿ ಇದೆ, 20ರಲ್ಲಿ ಇಲ್ಲ. ಕತ್ತಲೆಗೆ ಅಂತ ಇಟ್ಟುಕೊಂಡ ಲೆನ್ಸಿಗೇ ಅದು ಇಲ್ಲ ನೋಡಿ! ಹಾಗಾಗಿ ಬೆರಳ ತುದಿಯನ್ನು ಬಟನ್ ಮೇಲೆ ಮಲಗಿಸಿ, ಉರುಳಿಸಿ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ. ಒಂದರ ಬದಲು ಮೂರು ಫೋಟೋ ಒಟ್ಟಿಗೆ ತೆಗೆಯಿರಿ, ನಡುವಿನದು ಹೆಚ್ಚಾಗಿ ಚೆನ್ನಾಗಿರುತ್ತದೆ.

ವ್ಯೂಫೈಂಡರ್ ಇಲ್ಲದ ಕ್ಯಾಮೆರಾಕ್ಕೆ ಹಣೆಯ ಆಧಾರವೂ ಇರುವುದಿಲ್ಲ. ಕತ್ತಿನ ಪಟ್ಟಿ ಆ ಕೆಲಸ ಮಾಡಬಲ್ಲದು. ಪಟ್ಟಿಯ ಉದ್ದವನ್ನು, ಕ್ಯಾಮೆರಾ ಮುಂದೆ ಚಾಚಿದಾಗ ಬಿಗಿಯಾಗಿ ಎಳೆದು ನಿಲ್ಲುವಷ್ಟು ಇಡಿ. ಕತ್ತು, ಎರಡು ಕೈ, ಮೂರು ಕಡೆ ಹಿಡಿತ. ಇನ್ನೂ ಬೇಕಾದರೆ ಟ್ರೈಪಾಡ್ ತೂತಿಗೆ ಹೊಂದುವ ಕಾಲಿಂಚಿನ ತಿರುಪಿಗೆ ಗೋಣಿದಾರ ಕಟ್ಟಿ, ಇನ್ನೊಂದು ತುದಿಯನ್ನು ಕಾಲಿನಿಂದ ತುಳಿದು, ದಾರ ಬಿಗಿಯಾಗುವಂತೆ ಕ್ಯಾಮೆರಾ ಮೇಲೆಳೆಯಿರಿ. ಹತ್ತು ರೂಪಾಯಿ ಖರ್ಚಿನ ಟ್ರೈಪಾಡ್. ಯಕ್ಷಗಾನದ ರಾತ್ರಿಗಳಲ್ಲಿ ಇದು ನನ್ನ ಮರ್ಯಾದೆ ಉಳಿಸಿದೆ.

ಒಂದು ವಿಷಯ ಮಾತ್ರ ಯಾವ ಹಿಡಿತದಿಂದಲೂ ಸರಿಹೋಗಲಿಲ್ಲ, ನನ್ನ ಚಾಳೀಸು. ಪರದೆ ಮೂರಿಂಚು. ಅದನ್ನು ನೋಡಲು ಕನ್ನಡಕ ಬೇಕು, ದೂರದ ಗೋಪುರ ನೋಡಲು ಬೇಡ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಮುಂದೆ ನಡುಮಧ್ಯಾಹ್ನ ನಿಂತರೆ ಬಿಸಿಲಿಗೆ ಪರದೆ ಕನ್ನಡಿಯಾಗಿ ನನ್ನ ಮೂಗೇ ಕಾಣಿಸುತ್ತದೆ. ಸೆರಗಿನ ನೆರಳು ಮಾಡಿ ನೋಡುತ್ತೇನೆ, ಸೀರೆಯ ಉಪಕಾರ ಇದೊಂದು. ಇದರ ತಂಗಿ ಜಿಎಂ5ರಲ್ಲಿ, 2014ರಲ್ಲಿ ಬಂದದ್ದು, ವ್ಯೂಫೈಂಡರ್ ಇದೆ. 211 ಗ್ರಾಂ, ಅಂದರೆ ಏಳೇ ಗ್ರಾಂ ಜಾಸ್ತಿ. ಆದರೆ ಆ ಕಿಂಡಿ ಬಹಳ ಪುಟ್ಟದು, ಕನ್ನಡಕ ಹಾಕಿದವರಿಗೆ ಮೂಲೆಗಳು ಕಾಣುವುದು ಕಷ್ಟ. ಅದಕ್ಕೆ ಜಾಗ ಮಾಡಲು ಬಾಡಿಯೊಳಗಿನ ಫ್ಲಾಶ್ ತೆಗೆದರು. ಚಿಕ್ಕ ಮನೆಯಲ್ಲಿ ಹೊಸ ಬೀರು ತಂದರೆ ಹಳೆಯ ಮಂಚ ಹೊರಗೆ ಹೋಗಬೇಕಲ್ವಾ, ಹಾಗೆ.

ಹಿಡಿ ಅಂಟಿಸಿ ಕಿತ್ತದ್ದು

ಬಾಡಿಯ ಮುಂಭಾಗ ನುಣುಪು, ಹಿಡಿ ಇಲ್ಲ. ಬೆವರಿದ ಕೈಗೆ ಜಾರುತ್ತದೆ. ಮೊದಲ ವರ್ಷ ನಾನು ಎಂ-ಸೀಲ್ ಕಲಸಿ, ಬೆರಳಿಗೆ ತಕ್ಕಂತೆ ಒಂದು ದಿಬ್ಬ ಮಾಡಿ, ಒಣಗಿದ ಮೇಲೆ ಮರಳು ಕಾಗದ ಉಜ್ಜಿ, ಎರಡು ಬದಿ ಅಂಟಿನ ಟೇಪಿನಿಂದ ಅಂಟಿಸಿದೆ. ಲ್ಯಾಬಿನ ಹುಡುಗರು ನೋಡಿ, "ಮೇಡಂ, ಸೂಪರ್" ಅಂದರು. ಹಿಡಿತ ನಿಜಕ್ಕೂ ಸೂಪರ್. ಆದರೆ ದಪ್ಪ ಒಂದು ಸೆಂಟಿಮೀಟರ್ ಏರಿತು. ಅದಕ್ಕೆ ಹೊಸ ಚೀಲ ಬೇಕಾಯಿತು. ಚೀಲದಲ್ಲಿ ಜಾಗ ಉಳಿಯಿತು ಅಂತ ಇನ್ನೊಂದು ಬ್ಯಾಟರಿ, ಇನ್ನೊಂದು ಲೆನ್ಸ್. ಮೂರು ತಿಂಗಳಲ್ಲಿ ಹೆಗಲ ಮೇಲೆ ಮತ್ತೆ ಮುಕ್ಕಾಲು ಕೆಜಿ. ಒಂದು ದಿನ ತಕ್ಕಡಿಗೆ ಹಾಕಿ ನೋಡಿ ನನಗೇ ನಗು ಬಂತು.

ದಿಬ್ಬ ಕಿತ್ತೆ. ಈಗ ಇರುವುದು ಸೈಕಲ್ ಟ್ಯೂಬಿನ ಒಂದು ಚೂರು, ಎರಡು ಬೆರಳಗಲ, ಮುಂದೆ ಅಂಟಿಸಿದ್ದು. ಹಿಂದೆ ಹೆಬ್ಬೆರಳಿನ ಜಾಗಕ್ಕೆ ಬೊಟ್ಟಿನಷ್ಟು ಇನ್ನೊಂದು. ದಪ್ಪ ಒಂದು ಮಿಲಿಮೀಟರ್, ತೂಕ ಲೆಕ್ಕಕ್ಕಿಲ್ಲ. ಎಂ-ಸೀಲ್ ಹಿಡಿಯ ಅರ್ಧದಷ್ಟು ಹಿಡಿತ ಇದೆ, ನನಗೆ ಸಾಕು. ಅಂಟಿಸುವ ಮೊದಲು ಬಾಡಿಯನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ. ಅಸಿಟೋನ್, ಅಂದರೆ ಉಗುರುಬಣ್ಣ ತೆಗೆಯುವ ದ್ರಾವಣ, ಮುಟ್ಟಿಸಬೇಡಿ. ಪ್ಲಾಸ್ಟಿಕ್ ಕರಗುತ್ತದೆ, ಬಣ್ಣ ಏಳುತ್ತದೆ. ಇದು ಕೆಮಿಸ್ಟ್ರಿ ಮೇಷ್ಟ್ರ ಮಾತು, ಕೇಳಿ.

ತಿರುಪಿನಿಂದ ಹಾಕುವ ಲೋಹದ ಹಿಡಿಗಳೂ ಸಿಗುತ್ತವೆ. ಕೊಳ್ಳುವಾಗ ಒಂದೇ ನೋಡಿ: ಅದು ತಳದ ಬ್ಯಾಟರಿ ಬಾಗಿಲನ್ನು ಮುಚ್ಚುತ್ತದಾ? ಮುಚ್ಚಿದರೆ ಪ್ರತಿ ಸಲ ಬ್ಯಾಟರಿ ಬದಲಿಸಲು ಹಿಡಿ ಬಿಚ್ಚಬೇಕು. ಬ್ಯಾಟರಿ ಬದಲಿಸುವುದು ಅಪರೂಪ ಏನಲ್ಲ. ಇದರದ್ದು 680 ಎಂಎಎಚ್‌ನ ಪುಟ್ಟ ಬ್ಯಾಟರಿ, ಕಂಪನಿಯ ಲೆಕ್ಕದಲ್ಲೇ ಸುಮಾರು 230 ಫೋಟೋ. ಜಾತ್ರೆ ದಿನಕ್ಕೆ ಮೂರು ಬ್ಯಾಟರಿ ಒಯ್ಯುತ್ತೇನೆ. ಖಾಲಿಯಾದದ್ದಕ್ಕೆ ರಬ್ಬರ್ ಬ್ಯಾಂಡ್, ತುಂಬಿದ್ದಕ್ಕೆ ಇಲ್ಲ.

ಮಣಿಕಟ್ಟಿನ ದಾರ ಮಾತ್ರ ಬಿಡಬೇಡಿ. ಸಿಗಂದೂರಿಗೆ ಸೇತುವೆ ಆಗುವ ಮೊದಲು ಹೊಳೆಬಾಗಿಲಿನಿಂದ ಲಾಂಚ್‌ನಲ್ಲೇ ಹೋಗಬೇಕಿತ್ತು. ಒಂದು ಸಲ ಅಂಚಿನಲ್ಲಿ ನಿಂತು ಹಿನ್ನೀರಿನ ಒಣಮರಗಳ ಫೋಟೋ ತೆಗೆಯುವಾಗ ಯಾರೋ ಹಿಂದಿನಿಂದ ತಳ್ಳಿದರು. ಕ್ಯಾಮೆರಾ ಕೈಯಿಂದ ಹೋಯಿತು, ಮಣಿಕಟ್ಟಿನಲ್ಲಿ ನೇತಾಡಿತು. ಕೆಳಗೆ ಶರಾವತಿ. ಚಿಕ್ಕ ಕ್ಯಾಮೆರಾ ಕೈಬಿಟ್ಟದ್ದು ಕೈಗೆ ತಕ್ಷಣ ಗೊತ್ತೇ ಆಗುವುದಿಲ್ಲ, ಅಷ್ಟು ಹಗುರ.

ಗುಂಡಿ ಕಡಿಮೆ, ಆದ್ದರಿಂದ ತೀರ್ಮಾನ ಮೊದಲೇ

ಇಷ್ಟು ಪುಟ್ಟ ಬಾಡಿಯಲ್ಲಿ ಗುಂಡಿಗಳಿಗೆ ಜಾಗ ಇಲ್ಲ. ಜಾತ್ರೆಯ ನಡುವೆ ನಿಂತು ಮೆನು ಹುಡುಕುವ ಹಾಗೆ ಆದರೆ ಮುಗಿಯಿತು. ಮನೆಯಲ್ಲೇ ತೀರ್ಮಾನ ಮಾಡಿ. ಡಯಲಿನಲ್ಲಿ ನಮ್ಮ ಸೆಟ್ಟಿಂಗ್ ಉಳಿಸಿಡುವ ಸಿ1ರಲ್ಲಿ ಹಗಲು: ಎಫ್ 5.6, ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಟೋ. ಸಿ2ರಲ್ಲಿ ರಾತ್ರಿ: 20 ಎಂ.ಎಂ. ಲೆನ್ಸಿಗೆ ಎಫ್ 1.7, ಶಟರ್ 1/100 ಸೆಕೆಂಡ್. ಅಷ್ಟೇ. ಪರದೆ ಮುಟ್ಟಿದರೆ ಫೋಕಸ್ ಆಗಲಿ, ಫೋಟೋ ತೆಗೆಯುವುದು ಬೇಡ. ಇಲ್ಲವಾದರೆ ಬ್ಯಾಗಿನ ಒಳಗಿನ ಕತ್ತಲೆಯ ಚಿತ್ರಗಳು ಕಾರ್ಡಿನ ತುಂಬಾ. ನನ್ನ ಹತ್ತಿರ ಅಂಥವು ನಲವತ್ತಿವೆ.

ಯಾಕೆ 1/100? ಇಲ್ಲಿ ಸ್ವಲ್ಪ ನಿಲ್ಲಬೇಕು. ಚಿಕ್ಕದಾಗಿಸಲು ಈ ಕ್ಯಾಮೆರಾದಲ್ಲಿ ಶಟರಿನ ಸ್ಪ್ರಿಂಗುಗಳ ಬದಲು ಪುಟ್ಟ ಮೋಟರ್ ಇಟ್ಟರು. ಅದರಿಂದ ಮೆಕ್ಯಾನಿಕಲ್ ಶಟರಿನ ವೇಗ 1/500ಕ್ಕೆ ನಿಂತಿತು. ಫ್ಲಾಶ್ ಜೊತೆ 1/50 ಮಾತ್ರ. ಅದಕ್ಕಿಂತ ವೇಗ ಬೇಕಾದರೆ ಎಲೆಕ್ಟ್ರಾನಿಕ್ ಶಟರ್, ಅದು 1/16000ವರೆಗೂ ಹೋಗುತ್ತದೆ. ಕೇಳಲು ಚಂದ. ಆದರೆ ಅದು ಸೆನ್ಸರನ್ನು ಸಾಲು ಸಾಲಾಗಿ ಓದುತ್ತದೆ, ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ಹೊತ್ತು ಕಳೆದಿರುತ್ತದೆ. ಯಕ್ಷಗಾನದ ವೇಷಧಾರಿ ಧಿಂಗಿಣ ಹಾಕುವಾಗ, ಅಂದರೆ ಗಿರಕಿ ಹೊಡೆದು ಹಾರುವಾಗ, ಹಾಗೆ ತೆಗೆದೆ. ಮುಂಡಾಸು ಒಂದು ಕಡೆ, ಕಾಲು ಒಂದು ಕಡೆ, ಮೈ ಬಾಳೆ ಎಲೆಯಂತೆ ವಾಲಿತ್ತು. ಅದರ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆಗಳು. ಪಟ್ಟೆಗೆ ಕಾರಣ ರಂಗದ ಎಲ್‌ಇಡಿ ದೀಪ. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಕಣ್ಣಿಗೆ ಕಾಣದು, ಸಾಲು ಸಾಲಾಗಿ ಓದುವ ಸೆನ್ಸರಿಗೆ ಕಾಣುತ್ತದೆ. ಶಟರನ್ನು 1/100 ಅಥವಾ 1/50ಕ್ಕೆ ಇಟ್ಟರೆ ಪ್ರತಿ ಸಾಲಿಗೂ ಪೂರ್ತಿ ಮಿಣುಕು ಸಿಗುತ್ತದೆ, ಪಟ್ಟೆ ಹೋಗುತ್ತದೆ. ಮೆಕ್ಯಾನಿಕಲ್ ಶಟರಿಗೇ ಕಟ್ಟಿಹಾಕಿದರೆ ವಾಲುವುದೂ ಹೋಗುತ್ತದೆ. ವೇಷದ ಕೈ ಸ್ವಲ್ಪ ಮಸುಕಾಗುತ್ತದೆ, ಆಗಲಿ. ಕುಣಿತ ಅಂದರೆ ಮಸುಕಾಗಲೇಬೇಕು.

ಎಲೆಕ್ಟ್ರಾನಿಕ್ ಶಟರಿನ ಒಳ್ಳೆಯದೂ ಇದೆ. ಸದ್ದೇ ಇಲ್ಲ. ಮಲಗಿದ ಮಗು, ಪೂಜೆಯ ಹೊತ್ತು, ಅಲ್ಲಾಡದ ವಸ್ತು ಇದ್ದರೆ ಅದನ್ನೇ ಹಾಕಿ. ಮಟಮಟ ಬಿಸಿಲಿನಲ್ಲಿ ಎಫ್ 1.8ರಲ್ಲಿ ಮುಖ ತೆಗೆಯಬೇಕಾದರೂ ಅದೇ ಗತಿ, 1/500 ಸಾಲುವುದಿಲ್ಲ.

ಮಲೆನಾಡಿನವರಿಗೆ ಒಂದು ಮಾತು. ಇಂಥ ಕ್ಯಾಮೆರಾ ಸದಾ ಬ್ಯಾಗಿನಲ್ಲಿ ಇರುತ್ತದೆ, ಬ್ಯಾಗು ಮಳೆಯಲ್ಲಿ ಇರುತ್ತದೆ. ನೀರು ತಡೆಯುವ ವ್ಯವಸ್ಥೆ ಇದಕ್ಕೆ ಇಲ್ಲ. ಆಷಾಢದಲ್ಲಿ ಬಟ್ಟೆಯ ಬ್ಯಾಗಿನೊಳಗೆ ತಿಂಗಳು ಬಿಟ್ಟರೆ ಲೆನ್ಸಿಗೆ ಬೂಷ್ಟು ಗ್ಯಾರಂಟಿ. ರಾತ್ರಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಯಿಸುವ ಜೆಲ್ ತನ್ನಿ, ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಿ. ಆ ಬಾಣಲೆಯಲ್ಲಿ ಆಮೇಲೆ ಒಗ್ಗರಣೆ ಬೇಡ.

ಕೊನೆಗೆ, ಎಲ್ಲಿ ಇಡುವುದು

ಚೂಡಿದಾರದ ಪಕ್ಕಕ್ಕೆ ಜೇಬು ಹೊಲಿಸಿದ್ದು ನನ್ನ ಮೊದಲ ಪ್ರಯತ್ನ. ಏನಿಡುತ್ತೇನೆ ಅಂತ ದರ್ಜಿಗೆ ಹೇಳಲಿಲ್ಲ, ಅವರು ತೆಳು ಲೈನಿಂಗ್ ಬಟ್ಟೆಯಲ್ಲಿ ಹೊಲಿದರು. ಬಸ್‌ಸ್ಟ್ಯಾಂಡಿನಲ್ಲಿ ತಳ ಹರಿದು ಕ್ಯಾಮೆರಾ ನೆಲಕ್ಕೆ. ಎಡ ಮೂಲೆಯಲ್ಲಿ ಇವತ್ತಿಗೂ ತಗ್ಗು ಇದೆ. ಜೊತೆಗೆ, ಕಾಲು ಕೆಜಿ ಒಂದೇ ಪಕ್ಕಕ್ಕೆ ಜಗ್ಗಿ ಕುತ್ತಿಗೆ ಪಟ್ಟಿಯೂ ಆ ಕಡೆಗೆ ಸರಿಯುತ್ತಿತ್ತು.

ಆಗ ನೆನಪಾದದ್ದು ನಮ್ಮಜ್ಜಿಯ ಎಲೆಅಡಿಕೆ ಸಂಚಿ. ಸೊಂಟಕ್ಕೆ ಸಿಕ್ಕಿಸಿಕೊಂಡು, ದಿನಕ್ಕೆ ಮೂವತ್ತು ಸಲ ನೋಡದೆಯೇ ತೆಗೆದು ಇಡುತ್ತಿದ್ದರು. ಅದೇ ಥರದ್ದು ಹೊಲಿಸಿದೆ. ಅಳತೆ ಬರೆದುಕೊಳ್ಳಿ: ಬಾಯಿ 15 ಸೆಂ.ಮೀ., ಆಳ 17. ಹೊರಗೆ ದಪ್ಪ ಖಾದಿ, ಒಳಗೆ ಹಳೆಯ ಫ್ಲಾನೆಲ್, ನಡುವೆ ಯೋಗದ ಮ್ಯಾಟಿನಿಂದ ಕತ್ತರಿಸಿದ ಒಂದು ಪದರ. ಬಾಯಿಗೆ ಜಿಪ್ ಬೇಡ, ಪರದೆಗೆ ಗೀರು ಬೀಳುತ್ತದೆ. ಲಾಡಿ ಸಾಕು, ಅದಕ್ಕೆ ಒಂದು ಮಣಿ ಪೋಣಿಸಿ ಗಂಟು ಹಾಕಿದರೆ, ಎಳೆದಾಗ ಒಂದೇ ಕೈಯಲ್ಲಿ ತೆರೆಯುತ್ತದೆ. ಹಿಂದೆ ಎರಡಿಂಚು ಅಗಲದ ಪಟ್ಟಿ, ಸೀರೆಯ ದಿನ ಒಳಲಂಗದ ಲಾಡಿಗೆ, ಚೂಡಿದಾರದ ದಿನ ಬೆಲ್ಟಿಗೆ. ಕ್ಯಾಮೆರಾ ಲೆನ್ಸ್ ಕೆಳಮುಖವಾಗಿ ಒಳಗೆ ಹೋಗಬೇಕು, ಆಗ ಕೈ ಹಾಕಿದ ಕೂಡಲೇ ಬಾಡಿ ಸಿಗುತ್ತದೆ, ಸೆರಗು ಮೇಲಿಂದ ಮುಚ್ಚುತ್ತದೆ. ಇನ್ನೊಂದು ಬ್ಯಾಟರಿಗೆ ಒಳಗೆ ಒಂದು ಪುಟ್ಟ ಜೇಬು. ಲೆನ್ಸಿಗೆ ಜೇಬು ಇಡಿಸಲಿಲ್ಲ, ಬೇಕೆಂದೇ.